ಹನ್ನೊಂದನೇ ನಂಬರಿನ ಕಲೆ

ಮೂವತ್ತು ವರ್ಷಗಳಲ್ಲಿ ಮೊದಲ ಸಲ ನೊರೆಯತ್ತೆ ಒಂದು ಜೆರ್ಸಿಯನ್ನು ಒಗೆಯದೆ ಇಟ್ಟುಕೊಂಡಿದ್ದಳು. ಅದು ಭಾನುವಾರದ ಮ್ಯಾಚಿನದು, ನಾಲ್ಕನೇ ನಂಬರಿನದು. ಬೆನ್ನ ಮೇಲೆ, ನಂಬರಿನ ಪಕ್ಕಕ್ಕೆ, ಯಾರೋ ಎಸೆದ ಬಾಳೆಹಣ್ಣು ಜಜ್ಜಿ ಅಂಗೈಯಗಲ ಅಂಟಿಕೊಂಡಿತ್ತು. ಮಂಗಳವಾರದ ಹೊತ್ತಿಗೆ ಅದು ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಇಸ್ತ್ರಿ ಮೇಜಿನ ತುದಿಯಲ್ಲಿ ಇಟ್ಟಿದ್ದಳು. ಹೋಗುತ್ತ ಬರುತ್ತ ಕಣ್ಣು ಅದರ ಮೇಲೇ ಬೀಳುತ್ತಿತ್ತು.

ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಗಳು ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತು ಇಣುಕಿದರು. ಒಳ್ಳೆಯ ಮನುಷ್ಯರೇ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರ ಪೈಕಿ.

"ಅತ್ತೆ, ಇನ್ನೂ ಒಗೆದಿಲ್ವಾ ಅದನ್ನ?"

"ಇಲ್ಲ ಸಾರ್. ಈ ಸಲ ಒಗೆಯಲ್ಲ. ಗುರುವಾರ ಶಿಸ್ತು ಸಮಿತಿಯವರು ವಿಚಾರಣೆಗೆ ಕರೆದಿದ್ದಾರಲ್ಲ, ಅಲ್ಲಿಗೆ ತಗೊಂಡು ಹೋಗ್ತೀನಿ."

"ಕರೆದಿರೋದು ನನ್ನನ್ನ, ಕೋಚನ್ನ, ಆ ಹುಡುಗನ್ನ. ನಿಮ್ಮನ್ನಲ್ಲ. ಇನ್ನೆರಡು ತಿಂಗಳಿಗೆ ನಿವೃತ್ತಿ, ಸುಖವಾಗಿ ಮನೆಗೆ ಹೋಗೋದು ಬಿಟ್ಟು ನಿಮಗ್ಯಾಕೆ ಇಲ್ಲದ ಉಸಾಬರಿ?"

"ಕರೀದಿದ್ರೆ ಬಾಗಿಲಲ್ಲಿ ನಿಂತಿರ್ತೀನಿ ಸಾರ್. ಮೂವತ್ತು ವರ್ಷ ನಿಂತೇ ಕೆಲಸ ಮಾಡಿದ್ದೀನಿ, ಕಾಲಿಗೆ ಅಭ್ಯಾಸ ಇದೆ."

ಕಾರ್ಯದರ್ಶಿಗಳು ತಲೆ ಕೆರೆದುಕೊಂಡು ಹೊರಟುಹೋದರು. ಪಾಪ, ಅವರಿಗೆ ಗೊತ್ತಿದ್ದದ್ದು ಒಂದು ಜೆರ್ಸಿಯ ಕತೆ ಮಾತ್ರ. ಇಪ್ಪತ್ತಾರು ವರ್ಷಗಳ ಹಿಂದೆ ಹೇಳಬೇಕಾಗಿದ್ದ ಎರಡೇ ಎರಡು ಮಾತು ನೊರೆಯತ್ತೆಯ ಗಂಟಲಲ್ಲಿ ಹಾಗೇ ಕೂತಿತ್ತು. ಅದನ್ನು ಈಗಲಾದರೂ ಹೇಳುತ್ತಾಳೋ, ಇಲ್ಲ ನುಂಗಿಕೊಂಡೇ ಮನೆ ಸೇರುತ್ತಾಳೋ ಎಂಬುದು ಅವಳಿಗೇ ಇನ್ನೂ ಖಾತ್ರಿ ಇರಲಿಲ್ಲ.

ಆ ಕೋಣೆಗೆ ಅವಳು ಬಂದದ್ದು ಮೂವತ್ತೆರಡನೇ ವಯಸ್ಸಿನಲ್ಲಿ. ಅವಳ ಗಂಡ ಅದೇ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದವನು. ಎರಡು ವರ್ಷದ ಮಗಳನ್ನು ಅವಳ ಮಡಿಲಿಗೆ ಬಿಟ್ಟು ಒಂದು ಜ್ವರಕ್ಕೆ ಹೋಗಿಬಿಟ್ಟ. ಕ್ಲಬ್ಬಿನವರು ಕರೆದು ಬಟ್ಟೆ ಒಗೆಯುವ ಕೆಲಸ ಕೊಟ್ಟರು. ಪೂರ್ವದ ಸ್ಟ್ಯಾಂಡಿನ ಮೆಟ್ಟಿಲುಗಳ ಕೆಳಗೆ ಇಳಿಜಾರು ಸೂರಿನ ಉದ್ದನೆಯ ಕೋಣೆ. ಒಂದು ತುದಿಯಲ್ಲಿ ನೆಟ್ಟಗೆ ನಿಲ್ಲಬಹುದು, ಇನ್ನೊಂದು ತುದಿಯಲ್ಲಿ ಬಗ್ಗದಿದ್ದರೆ ಬುರುಡೆ ಬುಗುಟಾಗುತ್ತದೆ. ಎರಡು ಯಂತ್ರ, ಒಂದು ಕಲ್ಲಿನ ತೊಟ್ಟಿ, ಗೋಡೆಯಿಂದ ಗೋಡೆಗೆ ನಾಲ್ಕು ಹಗ್ಗ, ಅವಳ ತಮ್ಮ ತನ್ನ ಕೈಯಾರೆ ಮಾಡಿಕೊಟ್ಟ ಇಸ್ತ್ರಿ ಮೇಜು. ತಮ್ಮ ಬಡಗಿ. ಅವನು ಮಾಡಿದ ಮೇಜು ಇವತ್ತಿಗೂ ಒಂದು ಕಡೆಗೂ ಅಲುಗಾಡುವುದಿಲ್ಲ.

ಮೇಲೆ ಮೂರು ಸಾವಿರ ಜನ ಕೂತರೆ ಕೆಳಗೆ ಅವಳೊಬ್ಬಳು. ಅವಳು ಮ್ಯಾಚು ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು. ಗೋಲಾದರೆ ಸೂರಿನಿಂದ ಸುಣ್ಣದ ಪುಡಿ ಉದುರುತ್ತಿತ್ತು. ಗೋಲು ತಪ್ಪಿದರೆ ಮೂರು ಸಾವಿರ ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟು ಕೂರುವ ಸದ್ದು ಕೇಳುತ್ತಿತ್ತು. ಮಿಕ್ಕಿದ್ದನ್ನು ಬಟ್ಟೆಗಳೇ ಹೇಳುತ್ತಿದ್ದವು. "ಎಂಟರ ಮೊಣಕಾಲಲ್ಲಿ ಮಣ್ಣೇ ಇಲ್ಲ, ಇವತ್ತು ಅವನು ಬರೀ ತಿರುಗಾಡಿದ್ದಾನೆ" ಎಂದು ಅವಳು ಅಂದರೆ ಕೋಚ್ ಕಿವಿ ನೆಟ್ಟಗೆ ಮಾಡುತ್ತಿದ್ದರು. ಆಟಗಾರರ ಮುಖ ಅವಳಿಗೆ ನೆನಪಿರುತ್ತಿರಲಿಲ್ಲ, ನಂಬರು ನೆನಪಿರುತ್ತಿತ್ತು. ಮಾರುಕಟ್ಟೆಯಲ್ಲಿ ತಲೆ ನರೆತ ಮಾಜಿ ಆಟಗಾರ ಎದುರಾದರೆ, ಹೆಂಡತಿಯ ಮುಂದೆಯೇ "ಏನಪ್ಪಾ ಏಳು, ಈಗ್ಲೂ ಜೇಬಲ್ಲಿ ಚೂಯಿಂಗ್ ಗಮ್ ಬಿಡ್ತೀಯಾ?" ಎಂದು ಕೇಳುವವಳು.

ಅವಳ ಕೋಣೆಗೆ ಒಂದು ಕಟ್ಟಳೆ ಇತ್ತು. ತಿರುಗಲು ಹತ್ತಿದ ಯಂತ್ರವನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ತಿರುಗುವಾಗ ಕದ ತೆಗೆಯುವ ಹಾಗೂ ಇಲ್ಲ. ಅಧ್ಯಕ್ಷರೇ ಬಂದು ಕದ ತಟ್ಟಿದರೂ ಯಂತ್ರ ತಾನಾಗಿ ನಿಂತ ಮೇಲೆಯೇ ಚಿಲಕ ತೆಗೆಯುತ್ತಿದ್ದಳು. ಬಂದವರು ಹೊರಗೆ ಬಿಸಿಲಲ್ಲಿ ನಿಂತು ಅವಳ ಯಂತ್ರಕ್ಕೆ ಶಾಪ ಹಾಕಬೇಕು, ಅಷ್ಟೆ.

ಹನ್ನೊಂದನೇ ನಂಬರಿನವನು, ಅವಳ ಬಾಯಲ್ಲಿ ಬರೀ 'ಹನ್ನೊಂದು', ಬಂದದ್ದು ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಎಡಗಡೆಯಿಂದ ಓಡುವವನು. ದೂರದ ಸೀಮೆಯ ಹುಡುಗ, ಇಪ್ಪತ್ತೆರಡರ ಪ್ರಾಯ, ಊರಿನವರ ಕಣ್ಣು ಒಂದು ಕ್ಷಣ ನಿಲ್ಲುವಷ್ಟು ಕಪ್ಪು. ಮೊದಲ ವಾರವೇ ಅವಳಿಗೆ ಅವನ ಗುರುತಾಯಿತು. ಮಿಕ್ಕವರೆಲ್ಲ ಜೆರ್ಸಿಯನ್ನು ಒಳಮಗ್ಗುಲು ತಿರುವಿ, ಸಾಕ್ಸನ್ನು ಉಂಡೆ ಕಟ್ಟಿ ಬುಟ್ಟಿಗೆ ಒಗೆದು ಹೋಗುತ್ತಿದ್ದರು. ಇವನದು ಮಾತ್ರ ಸರಿಮಗ್ಗುಲಿಗೆ ತಿರುಗಿಸಿ ಮಡಿಸಿದ್ದು, ಸಾಕ್ಸ್ ಬಿಡಿಸಿ ಜೋಡಿಸಿದ್ದು.

"ಯಾರಪ್ಪಾ ನಿನಗೆ ಇದನ್ನ ಕಲಿಸಿದ್ದು?" ಎಂದು ಕೇಳಿದಳು.

"ನಮ್ಮಮ್ಮ. ಅವರೂ ಬೇರೆಯವರ ಬಟ್ಟೆ ಒಗೀತಾರೆ," ಎಂದು ಅವನು ಹೊಸದಾಗಿ ಕಲಿತ ಮಾತನ್ನು ಒಂದೊಂದೇ ಹೆಕ್ಕಿ ಹೇಳಿದ. "ಸಾಕ್ಸ್ ಬಿಡಿಸದಿದ್ರೆ ಊಟ ಇಲ್ಲ ಅಂತಿದ್ರು."

ಆವತ್ತಿನಿಂದ ಅವನು ಸಂಜೆಯ ಅಭ್ಯಾಸ ಮುಗಿಸಿ ನೇರ ಅಲ್ಲಿಗೇ ಬಂದು ಕದ ತಟ್ಟುತ್ತಿದ್ದ. ಎರಡು ಸಲ ಟಕಟಕ, ಒಂದು ಕ್ಷಣ ಬಿಟ್ಟು ಇನ್ನೊಂದು ಟಕ್. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅವಳ ರೇಡಿಯೊ ಕೇಳುತ್ತ ಮಾತು ಕಲಿಯುತ್ತಿದ್ದ. ಒಂದು ದಿನ ಸೋಪಿನ ಪುಡಿ ಅಳತೆ ತಪ್ಪಿ, ಯಂತ್ರದಿಂದ ನೊರೆ ಉಕ್ಕಿ ಅವಳ ಮೊಣಕಾಲಿನವರೆಗೆ ಬಂದಿತ್ತು. ಯಂತ್ರ ನಿಂತು ಕದ ತೆಗೆದಾಗ ಅವನು ನೋಡಿ, ಬಿದ್ದು ಬಿದ್ದು ನಕ್ಕು, ತನಗೆ ಗೊತ್ತಿದ್ದ ಎರಡು ಪದ ಸೇರಿಸಿ ಕೂಗಿದ: "ನೊರೆ! ನೊರೆ ಅತ್ತೆ!" ಆಮೇಲೆ ಅದೇ ಹೆಸರು ನಿಂತಿತು. ಇವತ್ತು ಕ್ಲಬ್ಬಿನಲ್ಲಿ ಕಾವಲುಗಾರನಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಾರೆ. ಹೆಸರಿಟ್ಟವನು ಯಾರು ಎಂದು ಅವಳನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ.

ಆ ಎರಡು ವರ್ಷಗಳನ್ನು ನೆನೆದರೆ ಅವಳ ಮುಖ ಈಗಲೂ ಅರಳುತ್ತದೆ. ರಜೆಯ ದಿನ ಹನ್ನೊಂದು ಅವರ ಮನೆಗೆ ಊಟಕ್ಕೆ ಬರುತ್ತಿದ್ದ. ಆರು ವರ್ಷದ ಮಗಳಿಗೆ ಕಿತ್ತಳೆಹಣ್ಣನ್ನು ಕಾಲಲ್ಲಿ ಕುಣಿಸುವುದನ್ನು ಕಲಿಸಿದ. ಮನೆಯಲ್ಲಿ ಸಿಪ್ಪೆ ಒಡೆಯದ ಹಣ್ಣು ಸಿಗುವುದೇ ಕಷ್ಟವಾಯಿತು. ತಮ್ಮನಿಗಂತೂ ಅವನೆಂದರೆ ಪ್ರಾಣ. ಗಂಡ ಸತ್ತ ಅಕ್ಕನ ಬೆನ್ನಿಗೆ ಗೋಡೆಯಾಗಿ ನಿಂತವನು ಆ ತಮ್ಮ. ಮದುವೆ ಅಂದರೆ ಮಾರು ದೂರ ಓಡುತ್ತಿದ್ದ ಅವನಿಗೆ ಇದ್ದ ಒಂದೇ ಒಂದು ಚಟವೆಂದರೆ ಪೂರ್ವದ ಸ್ಟ್ಯಾಂಡು, ಮೂರನೇ ಸಾಲು, ಕಂಬದ ಪಕ್ಕದ ಜಾಗ. ಹನ್ನೊಂದು ಒಂದು ಸಲ ಎರಡು ಗೋಲು ಹೊಡೆದಾಗ ತಮ್ಮ ಬೇಲಿ ಹಾರಿ ಹೋಗಿ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದ. "ನಮ್ಮ ಹುಡುಗ, ನಮ್ಮ ಹುಡುಗ" ಎಂದು ಒಂದು ವಾರ ಗಂಟಲು ಕಟ್ಟಿಸಿಕೊಂಡು ಓಡಾಡಿದ.

ಗೋಲು ಹೊಡೆದರೆ ನಮ್ಮ ಹುಡುಗ. ತಪ್ಪಿದರೆ ಎಲ್ಲಿಂದಲೋ ಬಂದವನು. ಇದು ಅವಳಿಗೆ ಆಗ ತಿಳಿದಿರಲಿಲ್ಲ.

ಆ ವರ್ಷದ ಕೊನೆಯ ಮ್ಯಾಚು, ಗೆಲ್ಲಲೇಬೇಕಿತ್ತು. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಪೆನಾಲ್ಟಿ ಸಿಕ್ಕಿತು. ಹನ್ನೊಂದು ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಕೆಳಗೆ ಕೋಣೆಯಲ್ಲಿ ನೊರೆಯತ್ತೆ ನಿಟ್ಟುಸಿರಿನ ಸದ್ದಿಗೆ ಕಾದಳು. ಅದು ಬಂತು. ಅದರ ಹಿಂದೆಯೇ ಅವಳು ಹಿಂದೆಂದೂ ಕೇಳಿರದ ಇನ್ನೊಂದು ಸದ್ದು ಬಂತು. "ಹೂ, ಹೂ, ಹೂ" ಎಂದು ಮಂಗನ ಕೂಗು. ಮೊದಲು ನಾಲ್ಕು ಜನ, ಆಮೇಲೆ ಹತ್ತು, ಆಮೇಲೆ ಎಷ್ಟೋ. ಕಾಲಿನ ತಾಳ ಬೇರೆ. ಗೋಲಾಗದಿದ್ದರೂ ಸೂರಿನಿಂದ ಸುಣ್ಣ ಉದುರಿತು.

ಹನ್ನೊಂದು ಕಾರ್ನರ್ ಒದೆಯಲು ಸ್ಟ್ಯಾಂಡಿನ ಹತ್ತಿರ ಬಂದಾಗ ಬಾಳೆಹಣ್ಣುಗಳು ಬಂದು ಬಿದ್ದವು. ಒಂದು ಬೆನ್ನಿಗೆ ಬಿತ್ತು. ಅವನು ರೆಫರಿಯ ಹತ್ತಿರ ಹೋಗಿ ಬೆನ್ನು ತೋರಿಸಿದ. ರೆಫರಿ ಆಡು ಎಂದು ಕೈ ಬೀಸಿದರು. ಅವನು ಇನ್ನೊಂದು ಸಲ ತೋರಿಸಿದ. ಆಮೇಲೆ ಯಾರ ಹತ್ತಿರವೂ ಏನೂ ಹೇಳದೆ ಮೈದಾನ ಬಿಟ್ಟು ನಡೆದುಬಿಟ್ಟ.

ನೇರ ಅವಳ ಕೋಣೆಗೇ ಬಂದ. ಜೆರ್ಸಿ ತೆಗೆದು, ಅಂಥ ಹೊತ್ತಿನಲ್ಲೂ ಸರಿಮಗ್ಗುಲು ಮಾಡಿ, ಅವಳ ಕೈಗೆ ಕೊಟ್ಟು "ಅತ್ತೆ, ಇದು" ಎಂದ. ತಿರುಗಿ ಕೋಚಿನ ಕೋಣೆಯ ಕಡೆಗೆ ಹೋದ.

ಸಾಕ್ಷಿಗೆ ಇಟ್ಟುಕೊಂಡಿರಲಿ ಎಂದು ಅವನು ಕೊಟ್ಟದ್ದು. ಆದರೆ ಒಗೆಯುವವಳ ಕೈಗೆ ಬಟ್ಟೆ ಕೊಟ್ಟರೆ ಅವಳು ಇನ್ನೇನು ಮಾಡುತ್ತಾಳೆ? ಬಾಳೆಯ ಕಲೆ ಹಠಮಾರಿ ಕಲೆ. ಬಿಸಿನೀರು ಸೋಕಿದರೆ ಕೂತೇಬಿಡುತ್ತದೆ. ಅವಳು ತಣ್ಣೀರಲ್ಲಿ ನೆನೆಸಿದಳು, ಗ್ಲಿಸರಿನ್ ಹಚ್ಚಿ ಬೆರಳಲ್ಲೇ ತಿಕ್ಕಿದಳು, ನಿಂಬೆರಸ ಉಪ್ಪು ಹಾಕಿ ಮತ್ತೆ ತಿಕ್ಕಿದಳು. ಯಂತ್ರಕ್ಕೆ ಹಾಕದೆ ಎರಡು ಗಂಟೆ ಕಲ್ಲಿನ ತೊಟ್ಟಿಯ ಮುಂದೆ ನಿಂತಳು. ಆ ಹುಡುಗನ ಕಣ್ಣಿಗೆ ಅದು ಮತ್ತೆ ಬೀಳಬಾರದು ಎನ್ನುವುದೊಂದೇ ಅವಳ ಮನಸ್ಸಿನಲ್ಲಿದ್ದದ್ದು. ಕೊನೆಗೆ ಜೆರ್ಸಿಯನ್ನು ದೀಪಕ್ಕೆ ಹಿಡಿದು ನೋಡಿದರೆ ಹಾಲಿನ ಹಾಗೆ ಬೆಳ್ಳಗಿತ್ತು. ಅವತ್ತು ಅವಳಿಗೆ ತನ್ನ ಕೈಕೆಲಸದ ಮೇಲೆ ಹೆಮ್ಮೆಯೇ ಆಯಿತು.

ಮನೆಗೆ ಬಂದರೆ ತಮ್ಮ ಕೈಕಾಲು ತೊಳೆದು ಊಟಕ್ಕೆ ಕೂತಿದ್ದ. ಸೋತ ಸಿಟ್ಟು ಅವನ ಮುಖದಲ್ಲಿ ಇನ್ನೂ ಇತ್ತು. "ಕಂಬಕ್ಕೆ ಹೊಡೆದ, ಮಂಗ!" ಎಂದು ನಕ್ಕು, ತಟ್ಟೆಯ ಮುಂದೆಯೇ ಆ ಕೂಗು ಕೂಗಿ ತೋರಿಸಿದ. ಮಗಳಿಗೆ ಅದು ಆಟದಂತೆ ಕಂಡಿತು. ಅವಳೂ ಎರಡು ಕೈಯನ್ನು ಕಂಕುಳಿಗೆ ಹಚ್ಚಿಕೊಂಡು "ಹೂ, ಹೂ" ಎಂದು ಅಡುಗೆಮನೆ ತುಂಬ ಕುಣಿದಳು. ಮೊನ್ನೆಯಷ್ಟೇ ಕಿತ್ತಳೆಹಣ್ಣು ಕುಣಿಸಲು ಕಲಿತ ಕಾಲುಗಳು ಅವು. ನೊರೆಯತ್ತೆ ಸೌಟು ಎತ್ತಿ ಬಡಿಸಿದಳು.

ಮೂರನೇ ದಿನ ಸಮಿತಿಯವರು ಬಂದರು. ರೆಫರಿ ತನಗೇನೂ ಕೇಳಿಸಲಿಲ್ಲ ಅಂದಿದ್ದರು. ಆಗಿನ ಕಾರ್ಯದರ್ಶಿ ಜನ ಎಲ್ಲರಿಗೂ ಕೂಗುತ್ತಾರೆ ಅಂದಿದ್ದರು. ಹನ್ನೊಂದು ಒಂದೇ ಮಾತು ಹೇಳಿದ: "ನನ್ನ ಜೆರ್ಸಿ ಅತ್ತೆ ಹತ್ರ ಇದೆ, ನೋಡಿ." ಎಲ್ಲರೂ ಅವಳ ಕೋಣೆಗೆ ಇಳಿದು ಬಂದರು. ಅವಳು ಇಸ್ತ್ರಿ ಮಾಡಿ ಮಡಿಸಿಟ್ಟ ಜೆರ್ಸಿಯನ್ನು ತಂದು ಮೇಜಿನ ಮೇಲೆ ಇಟ್ಟಳು.

ಹಿರಿಯ ಸದಸ್ಯರು ಬಿಚ್ಚಿ, ತಿರುಗಿಸಿ ನೋಡಿದರು. "ಏನೂ ಇಲ್ವಲ್ಲ! ಏನಮ್ಮ, ಇದರಲ್ಲಿ ಕಲೆ ಇತ್ತಾ?"

ಆಗ ಅವಳ ಕಣ್ಣ ಮುಂದೆ ಬಂದದ್ದು ತಟ್ಟೆಯ ಮುಂದೆ ಕೂತ ತಮ್ಮನ ಮುಖ. ಯಾರು ಕೂಗಿದ್ದು ಎಂದು ಮುಂದಿನ ಪ್ರಶ್ನೆ ಬಂದರೆ? ಕೆಲಸ ಹೋದರೆ ಮಗುವಿನ ಗತಿ? ಕಾರ್ಯದರ್ಶಿ ಸೂರು ನೋಡುತ್ತಿದ್ದರು. ಅವಳು ಹೇಳಿದಳು: "ಎಲ್ಲಾ ಬಟ್ಟೇಲೂ ಕಲೆ ಇರುತ್ತೆ ಸಾರ್."

ಅವರು ಅದನ್ನೇ ಬರೆದುಕೊಂಡರು. ಹನ್ನೊಂದು ಅವಳ ಕಡೆ ನೋಡಿದ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಅವಳು ಇಷ್ಟು ವರ್ಷದಲ್ಲಿ ಮರೆತುಬಿಡುತ್ತಿದ್ದಳೇನೋ. ತಾಯಿಯನ್ನು ಸಂತೆಯಲ್ಲಿ ಕಳೆದುಕೊಂಡ ಮಗು ನೋಡುವ ಹಾಗೆ ನೋಡಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಅಪ್ಪಣೆ ಇಲ್ಲದೆ ಮೈದಾನ ಬಿಟ್ಟದ್ದಕ್ಕೆ ಹನ್ನೊಂದನೇ ನಂಬರಿನವನಿಗೇ ಎಂಟು ಮ್ಯಾಚು ನಿಷೇಧ. ಕೂಗಿದವರಿಗೆ ಏನೂ ಇಲ್ಲ, ಏಕೆಂದರೆ ಕಾಗದದ ಪ್ರಕಾರ ಯಾರೂ ಕೂಗಿರಲಿಲ್ಲ. ಒಂದು ವಾರಕ್ಕೆ ಅವನು ಊರು ಬಿಟ್ಟ. ಹೊರಡುವ ದಿನ ಕೋಣೆಯ ಹತ್ತಿರ ಬಂದಿದ್ದ. ಎರಡು ಸಲ ಟಕಟಕ, ಒಂದು ಕ್ಷಣ ಬಿಟ್ಟು ಇನ್ನೊಂದು ಟಕ್. ಯಂತ್ರ ತಿರುಗುತ್ತಿತ್ತು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಕದದ ಈಚೆ ನಿಂತಳು, ತೆಗೆಯಲಿಲ್ಲ. ಕಟ್ಟಳೆ ಇತ್ತಲ್ಲ. ಮುಖ ತೋರಿಸುವ ಧೈರ್ಯ ಇಲ್ಲದವರಿಗೆ ಕಟ್ಟಳೆ ಎಷ್ಟು ಅನುಕೂಲ! ಯಂತ್ರ ನಿಂತ ಮೇಲೆ ಕದ ತೆಗೆದರೆ ಹೊಸಿಲ ಮೇಲೆ ಕ್ಲಬ್ಬಿನ ಸಾಕ್ಸ್ ಇತ್ತು, ಬಿಡಿಸಿ ಜೋಡಿಸಿದ್ದು.

ಆ ಜೆರ್ಸಿಯನ್ನು ಅವಳು ಬೇರೆಯವರಿಗೆ ಹಂಚಲಿಲ್ಲ. ಮನೆಗೆ ತಂದು ಪೆಟ್ಟಿಗೆಯ ತಳದಲ್ಲಿ ಇಟ್ಟಳು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಮತ್ತೆ ಯಾರನ್ನೂ ಕೂರಿಸಲಿಲ್ಲ. ಮಗಳು ದೊಡ್ಡವಳಾಗಿ, ಓದಿ, ಮದುವೆಯಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದಳು. ಯಾವಾಗಲೋ ಒಮ್ಮೆ ಅವಳೇ ಫೋನಿನಲ್ಲಿ ಹುಡುಕಿ, "ಅಮ್ಮಾ, ಕಿತ್ತಳೆ ಮಾಮ ಯಾವುದೋ ದೂರದ ಊರಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸ್ತಿದ್ದಾರಂತೆ" ಎಂದು ನಂಬರು ಬರೆದುಕೊಟ್ಟಿದ್ದಳು. ಆ ಚೀಟಿ ನಾಲ್ಕು ವರ್ಷದಿಂದ ನೊರೆಯತ್ತೆಯ ಕನ್ನಡಕದ ಡಬ್ಬಿಯಲ್ಲಿತ್ತು. ಕನ್ನಡಕ ತೆಗೆದಾಗಲೆಲ್ಲ ಕಾಣುತ್ತಿತ್ತು. ಒಂದು ದಿನವೂ ಫೋನು ಮಾಡಿರಲಿಲ್ಲ.

ಈಗ ಈ ಭಾನುವಾರ ಸೂರಿನ ಮೇಲೆ ಮತ್ತೆ ಅದೇ ಸದ್ದು. ಈ ಸಲ ನಾಲ್ಕನೇ ನಂಬರಿನ ಹುಡುಗನಿಗೆ. ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು; ಹತ್ತೊಂಬತ್ತರ ಪ್ರಾಯ, ಅವನೂ ಹೊರಗಿನವನು, ಅವನೂ ಕಪ್ಪು. ಅವನ ಕಾಲಿಗೆ ತಾಗಿ ಚೆಂಡು ನಮ್ಮದೇ ಗೋಲಿಗೆ ಹೋಯಿತು, ಅಷ್ಟೇ ಅವನ ಅಪರಾಧ. ಈ ಸಲ ರೆಫರಿ ಆಟ ನಿಲ್ಲಿಸಿದರು, ಎರಡು ನಿಮಿಷ. ಹುಡುಗನಿಗೆ ನೀರು ಕುಡಿಸಿ ಮತ್ತೆ ಸೀಟಿ ಊದಿದರು. ನಮ್ಮದೇನು ದೊಡ್ಡ ಕ್ಲಬ್ಬೇ? ಇದ್ದದ್ದು ಒಂದು ಕ್ಯಾಮೆರಾ, ಅದೂ ಚೆಂಡಿನ ಹಿಂದೆಯೇ ಅಲೆಯುವುದು. ಡೋಲಿನ ಗದ್ದಲದಲ್ಲಿ ಏನೂ ಸ್ಪಷ್ಟವಾಗಿ ಕೇಳುವುದಿಲ್ಲ, ಹಣ್ಣು ಯಾರದೋ ಕೈಯಿಂದ ಜಾರಿದ್ದು ಎಂದು ಕ್ಲಬ್ಬು ಆಗಲೇ ಬರೆದು ಕಳಿಸಿತ್ತು.

ಬುಧವಾರ ಸಂಜೆ ಅವಳು ಮನೆಯಲ್ಲಿ ಪೆಟ್ಟಿಗೆ ತೆಗೆದಳು. ಹನ್ನೊಂದರ ಜೆರ್ಸಿಯನ್ನು ಬಿಚ್ಚಿ ದೀಪಕ್ಕೆ ಹಿಡಿದು ನೋಡಿದಳು. ಬೆನ್ನ ಮೇಲೆ, ಎರಡು ಒಂದುಗಳ ನಡುವೆ, ಅಂಗೈಯಗಲ ಕಂದು ಕಲೆ. ಹಣ್ಣಿನ ಕಲೆ ಹೋದಂತೆ ಕಂಡು ದಾರದೊಳಗೆ ಉಳಿದುಕೊಳ್ಳುತ್ತದೆ, ವರ್ಷ ಕಳೆದಂತೆ ಮೇಲೆ ಬರುತ್ತದೆ ಎಂದು ಕಸುಬಿನವರಿಗೆಲ್ಲ ಗೊತ್ತು. ಅವಳಿಗೂ ಗೊತ್ತಿತ್ತು. ಆದರೆ ಅವತ್ತಿನ ಹೆಮ್ಮೆ ಅದನ್ನು ಮರೆಸಿತ್ತು.

ಬಾಗಿಲಲ್ಲಿ ತಮ್ಮ ನಿಂತಿದ್ದ. ಐವತ್ತಾರಾದರೂ ಮೂರನೇ ಸಾಲಿನ ಕಂಬದ ಪಕ್ಕದ ಜಾಗ ಬಿಡದವನು. "ಏನಕ್ಕಾ ಅದು?"

"ನೋಡು. ಗುರುತು ಸಿಗುತ್ತಾ?"

ಅವನು ನೋಡಿದ. ಸಿಕ್ಕಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ಈ ಸಲ ನಾನು ಕೂಗ್ಲಿಲ್ಲ" ಎಂದ.

"ನಾನು ಕೇಳೇ ಇಲ್ವಲ್ಲ."

"ನಾಳೆ ಇವನ್ನೆಲ್ಲಾ ಅಲ್ಲಿಗೆ ಹೊತ್ಕೊಂಡು ಹೋದ್ರೆ ಸ್ಟ್ಯಾಂಡೇ ಮುಚ್ತಾರೆ ಅಕ್ಕ. ಹತ್ತು ಜನ ಕೂಗಿದ್ದಕ್ಕೆ ಮೂರು ಸಾವಿರ ಜನಕ್ಕೆ ಶಿಕ್ಷೆನಾ? ಯಾವ ನ್ಯಾಯ ಇದು?"

"ಹತ್ತು ಜನ ಕೂಗಿದ್ರು, ಒಪ್ದೆ. ಉಳಿದವರಿಗೆ ಬಾಯಿ ಇರ್ಲಿಲ್ವಾ? ನೀನು ಏನು ಮಾಡ್ತಿದ್ದೆ?"

"ಸುಮ್ನೆ ಕೂತಿದ್ದೆ."

"ನಾನೂ ಹಾಗೇ ಕೂತಿದ್ದೆ ಕಣೋ. ಇಪ್ಪತ್ತಾರು ವರ್ಷ." ಅವಳು ಜೆರ್ಸಿಯನ್ನು ಮಡಿಸಿದಳು. "ನಾಳೆ ಕೇಳಿದ್ರೆ ನಿನ್ನ ಹೆಸರೂ ಹೇಳ್ತೀನಿ. ಈಗ್ಲೇ ಹೇಳಿಬಿಡ್ತಿದ್ದೀನಿ, ಆಮೇಲೆ ಬೆನ್ನ ಹಿಂದೆ ಹೇಳಿದ್ಲು ಅನ್ನಬೇಡ."

ತಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಡುಗೆಮನೆಯಲ್ಲಿ ಅವನ ತಟ್ಟೆ ಹಾಗೇ ಮುಚ್ಚಿದ್ದಲ್ಲೇ ಉಳಿಯಿತು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೂರು ಜನ ಸದಸ್ಯರು. ನಡುವೆ ಕೂತ ಅಧ್ಯಕ್ಷೆ ವಕೀಲೆ, ಕನ್ನಡಕದ ಮೇಲಿಂದ ನೋಡುವವರು. ಕಾರ್ಯದರ್ಶಿಗಳು ಗೇಟಿನಲ್ಲಿ ಒಂದು ದೊಡ್ಡ ಬ್ಯಾನರು ಕಟ್ಟಿಸುತ್ತೇವೆ, ಧ್ವನಿವರ್ಧಕದಲ್ಲಿ ಬುದ್ಧಿಮಾತು ಹೇಳಿಸುತ್ತೇವೆ ಎಂದರು. ಕೋಚ್, ಬ್ಯಾನರಿಗೆ ಯಾರೂ ಹೆದರುವುದಿಲ್ಲ, ನಮ್ಮದೇ ತಂಡದ ಅಂಕ ಕಿತ್ತುಕೊಳ್ಳಿ, ಆಗ ಬುದ್ಧಿ ಬರುತ್ತದೆ ಎಂದರು. ನಾಲ್ಕನೇ ನಂಬರಿನ ಹುಡುಗ ತಲೆ ತಗ್ಗಿಸಿ ಕೂತಿದ್ದ. ನಿನಗೇನು ಬೇಕಪ್ಪಾ ಎಂದು ಅಧ್ಯಕ್ಷೆ ಕೇಳಿದಾಗ, "ಅವತ್ತು ಆಟ ನಿಲ್ಲಬೇಕಿತ್ತು ಮೇಡಂ. ನೀರು ಕುಡಿ ಅಂದ್ರು. ನನಗೆ ಬಾಯಾರಿಕೆ ಆಗಿರ್ಲಿಲ್ಲ" ಎಂದಷ್ಟೇ ಹೇಳಿದ.

ಆಗಲೇ ಬಾಗಿಲಲ್ಲಿ ಚೀಲ ಹಿಡಿದು ನಿಂತವಳು ಅಧ್ಯಕ್ಷೆಯ ಕಣ್ಣಿಗೆ ಬಿದ್ದದ್ದು. "ಯಾರಮ್ಮ ನೀವು?"

"ಬಟ್ಟೆ ಒಗೆಯೋಳು ಮೇಡಂ. ಕರೆದಿಲ್ಲ, ನಾನೇ ಬಂದಿದ್ದೀನಿ."

ಅವಳು ಎರಡು ಜೆರ್ಸಿಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು, ಬೆನ್ನು ಮೇಲೆ ಮಾಡಿ. ಒಂದು ನಾಲ್ಕು ದಿನದ್ದು, ಒಂದು ಇಪ್ಪತ್ತಾರು ವರ್ಷದ್ದು. ಕಲೆಗಳು ಅಕ್ಕತಂಗಿಯರ ಹಾಗಿದ್ದವು.

"ಕೈ ಜಾರಿದ ಹಣ್ಣು ಕಾಲ ಹತ್ರ ಬೀಳುತ್ತೆ ಮೇಡಂ, ಬೆನ್ನಿಗೆ ಬೀಳಲ್ಲ. ಬಿದ್ದ ರಭಸ ನೋಡಿ, ಸಿಪ್ಪೆ ನಾರು ನೂಲೊಳಗೇ ಹೋಗಿದೆ. ಎಸೆದದ್ದು ಇದು." ಹಳೆಯ ಜೆರ್ಸಿಯ ಮೇಲೆ ಬೆರಳಿಟ್ಟಳು. "ಇದು ಹಳೇದು. ಇದನ್ನ ನಾನೇ ಒಗೆದೆ. ಆ ಹುಡುಗನಿಗೆ ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡೆ. ಆಮೇಲೆ ನಿಮ್ಮಂಥವರೇ ಬಂದು ಕಲೆ ಇತ್ತಾ ಅಂತ ಕೇಳಿದ್ರು. ನಾನು ಮಾತು ತೇಲಿಸಿಬಿಟ್ಟೆ. ಕಲೆ ಇತ್ತು ಮೇಡಂ. ಕಲೆ ಇತ್ತು. ಕೂಗಿದ್ದನ್ನೂ ಕೇಳಿದೆ. ಕೂಗಿದವರಲ್ಲಿ ನನ್ನ ಒಡಹುಟ್ಟಿದ ತಮ್ಮನೂ ಇದ್ದ. ಅವನು ಕೆಟ್ಟವನಲ್ಲ. ಅದಕ್ಕೇ ಹೆದರಿಕೆ ನನಗೆ. ಕೆಟ್ಟವರು ಮಾತ್ರ ಕೂಗೋದಾಗಿದ್ರೆ ಬಾಗಿಲಲ್ಲೇ ತಡೀಬಹುದಿತ್ತು."

ನಾಲ್ಕನೇ ನಂಬರಿನ ಹುಡುಗ ಹಳೆಯ ಜೆರ್ಸಿಯ ಮೇಲಿನ ನಂಬರನ್ನೇ ನೋಡುತ್ತಿದ್ದ.

"ನೀವು ಏನು ಮಾಡಬೇಕು ಅಂತೀರಿ?" ಎಂದು ಅಧ್ಯಕ್ಷೆ ಕೇಳಿದರು.

"ನನಗೆ ಕಾನೂನು ಗೊತ್ತಿಲ್ಲ. ಕಲೆ ಗೊತ್ತು. ಬಿದ್ದ ಕೂಡ್ಲೇ ಕೆಲಸ ಬಿಟ್ಟು ಅದನ್ನ ನೋಡಬೇಕು. ಮ್ಯಾಚು ಮುಗೀಲಿ, ವಾರ ಕಳೀಲಿ ಅಂದ್ರೆ ಆಗಲ್ಲ."

ತೀರ್ಪು ಬಂದದ್ದು ನಾಲ್ಕು ದಿನದ ಮೇಲೆ. ಪೂರ್ವದ ಸ್ಟ್ಯಾಂಡು ಮೂರು ಮ್ಯಾಚು ಖಾಲಿ. ಮುಂದೆ ಅಂಥ ಕೂಗು ಕೇಳಿದರೆ ರೆಫರಿ ಆಟ ನಿಲ್ಲಿಸಿ ಎರಡೂ ತಂಡಗಳನ್ನು ಒಳಗೆ ಕರೆದುಕೊಂಡು ಹೋಗಬೇಕು. ಕೂಗಿದವರು ಹೊರಗೆ ಹೋಗುವವರೆಗೆ ಆಟ ಇಲ್ಲ. ಹಳೆಯ ವಿಚಾರಣೆಯ ಕಡತವೇ ಸಿಗಲಿಲ್ಲವಂತೆ. ಆದರೂ ಅಧ್ಯಕ್ಷೆ ತೀರ್ಪಿನ ಕೊನೆಯಲ್ಲಿ ಒಂದು ಸಾಲು ಬರೆಸಿದ್ದರು: 'ಅಂದಿನ ಹನ್ನೊಂದನೇ ನಂಬರಿನ ಆಟಗಾರ ಹೇಳಿದ್ದು ನಿಜ.'

ಬೀದಿಯಲ್ಲಿ ಕೆಲವರು ನೊರೆಯತ್ತೆಯನ್ನು ಕಂಡು ಮುಖ ತಿರುಗಿಸಿದರು. ತರಕಾರಿಯವಳು ಮಾತ್ರ ಎರಡು ನಿಂಬೆಹಣ್ಣು ಹೆಚ್ಚು ಹಾಕಿದಳು. ತಮ್ಮ ಒಂದೇ ಮನೆಯಲ್ಲಿದ್ದುಕೊಂಡು ಒಂಬತ್ತು ದಿನ ಮಾತಾಡಲಿಲ್ಲ.

ಖಾಲಿ ಸ್ಟ್ಯಾಂಡಿನ ಮೊದಲ ಮ್ಯಾಚು. ಆಟ ಆಚೆ ನಡೆದಿತ್ತು, ಸೂರು ಸುಮ್ಮನಿತ್ತು. ಒಂದು ಚೂರು ಸುಣ್ಣವೂ ಉದುರಲಿಲ್ಲ. ಹಿಂದಿನ ವಾರದ ಟವೆಲ್ಲುಗಳನ್ನು ಯಂತ್ರಕ್ಕೆ ಹಾಕಿ, ಅದು ಅರ್ಧ ತಿರುಗಿದಾಗ ಕದ ತಟ್ಟಿದ ಸದ್ದಾಯಿತು. ಅಭ್ಯಾಸದಂತೆ ಸುಮ್ಮನೆ ನಿಂತಳು. ಮತ್ತೆ ತಟ್ಟಿದರು. ಅವಳಿಗೆ ಏನನ್ನಿಸಿತೋ, ಯಂತ್ರ ತಿರುಗುತ್ತಿದ್ದಂತೆಯೇ ಹೋಗಿ ಚಿಲಕ ತೆಗೆದಳು.

ತಮ್ಮ. ಮೂವತ್ತು ವರ್ಷ ಇದೇ ಕೋಣೆಯ ನೆತ್ತಿಯ ಮೇಲೆ ಕೂತವನು, ಮೇಜು ಇಟ್ಟು ಹೋದ ಮೇಲೆ ಮತ್ತೆ ಒಳಗೆ ಬಂದಿರಲಿಲ್ಲ. ಕೂರಲು ಜಾಗ ಹುಡುಕಿ ಬೋರಲು ಬಿದ್ದ ಬಕೆಟ್ಟಿನ ಮೇಲೆ ಕೂತ. ಅವಳು ಬೇಡ ಅನ್ನಲಿಲ್ಲ.

"ಇಲ್ಲಿಗೆ ಎಲ್ಲಾ ಕೇಳಿಸುತ್ತಾ?" ಎಂದು ಸೂರು ನೋಡಿ ಕೇಳಿದ.

"ಎಲ್ಲಾ."

"ಅವನನ್ನ ಹೆಗಲ ಮೇಲೆ ಹೊತ್ತಿದ್ದೆ ಅಕ್ಕ ನಾನು," ಎಂದ ತಮ್ಮ. ಉಳಿ ಹಿಡಿದು ಗಂಟುಗಟ್ಟಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ. "ಎಷ್ಟು ಹಗುರ ಇದ್ದ. ನಾನ್ಯಾಕೆ ಹಾಗೆ ಕೂಗ್ದೆ?"

ನೊರೆಯತ್ತೆ ಕನ್ನಡಕದ ಡಬ್ಬಿ ತೆಗೆದು ಚೀಟಿಯನ್ನು ಅವನ ಕೈಗಿಟ್ಟಳು. "ನನ್ನನ್ನ ಕೇಳಿ ಏನು ಬಂತು? ಅವನನ್ನ ಕೇಳು. ನೀನಾದ ಮೇಲೆ ನನಗೆ ಕೊಡು, ನನಗೂ ಹೇಳೋದಿದೆ."

ತಮ್ಮ ಚೀಟಿಯನ್ನು ತುಂಬ ಹೊತ್ತು ನೋಡಿದ. ಆಮೇಲೆ ಫೋನು ತೆಗೆದು ಒಂದೊಂದೇ ಅಂಕಿ ಒತ್ತಿದ. ಆ ಕಡೆ ಗಂಟೆ ಬಾರಿಸಿತು. ಐದನೇ ಸಲ ಬಾರಿಸಿದಾಗ ಯಾರೋ ಎತ್ತಿದರು. ಒಂದು ಗಂಡಸಿನ ದನಿ, ಹಿಂದೆ ಮಕ್ಕಳ ಗಲಾಟೆ, ಚೆಂಡು ಪುಟಿಯುವ ಸದ್ದು. ಯಂತ್ರದ ಗದ್ದಲದಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ.

ನೊರೆಯತ್ತೆ ಕೈ ಚಾಚಿ ಯಂತ್ರವನ್ನು ನಡುವೆಯೇ ನಿಲ್ಲಿಸಿದಳು.

"ಹಲೋ," ಎಂದ ತಮ್ಮ. "ನಾನು... ನೊರೆಯತ್ತೆಯ ತಮ್ಮ. ಪೂರ್ವದ ಸ್ಟ್ಯಾಂಡಿನವನು."